ಸೊಟ್ಟ ಬಾಯಿಯ ಬೆಕ್ಕು

ಆ ಬಟ್ಟೆ ಬೆಕ್ಕು ಮೊದಲು ನನ್ನದು. ಅಮ್ಮ ಹಳೆಯ ಲಂಗ ಕತ್ತರಿಸಿ ಹೊಲಿದಿದ್ದು. ಕಣ್ಣಿಗೆ ಅಪ್ಪನ ಕೋಟಿನ ಗುಂಡಿ, ಬಾಯಿ ಸ್ವಲ್ಪ ಎಡಕ್ಕೆ ಸೊಟ್ಟ. ತಂಗಿಗೆ ವರ್ಷ ತುಂಬುತ್ತಲೇ, "ನೀನು ದೊಡ್ಡವಳಲ್ವಾ, ಅವಳಿಗೆ ಕೊಡು" ಎಂದರು. ಆಗ ನನಗೆ ಐದು.

ಈಗ ಕಾಲೇಜಿನ ರಜೆಯೆಂದು ಅವಳು ನನ್ನ ಕೆಲಸದ ಜಾಗಕ್ಕೂ ಬಂದಿದ್ದಳು. ಶಾಲೆ ಬಿಟ್ಟ ಮೇಲೆ, ಎಂಟು ವರ್ಷದಿಂದ, ನಾನು ಈ ಮುಖವಾಡದ ಅಂಗಡಿಯಲ್ಲಿದ್ದೇನೆ. ಮಣ್ಣಿನ ಅಚ್ಚಿನ ಮೇಲೆ ಕಾಗದದ ಪಟ್ಟಿ ಅಂಟಿಸುವುದು, ಒಣಗಿಸುವುದು, ಸೊಟ್ಟ ಇದ್ದರೆ ತಿದ್ದುವುದು. ತಂಗಿ ಬಂದ ಎರಡನೆಯ ದಿನಕ್ಕೇ ಅಂಗಡಿಯ ಒಡತಿ ಮೇಡಂ ಅವಳ ಮಾತಿಗೆ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ನನ್ನೊಡನೆ ಅವರು ಹಾಗೆ ನಕ್ಕ ನೆನಪಿಲ್ಲ.

"ಚಿಕ್ಕೋರಿದ್ದಾಗ ನಿಮಗೆ ತುಂಬಾ ಇಷ್ಟ ಇದ್ದದ್ದನ್ನ ನೆನಪಿಸ್ಕೊಂಡು ಒಂದೊಂದು ಮುಖವಾಡ ಮಾಡಿ," ಎಂದರು ಮೇಡಂ. "ಚೆನ್ನಾಗಿರೋದು ಬೀದಿ ಕಡೆ ಗಾಜಿನ ಕಿಟಕಿಗೆ. ಮಾಡಿದವರ ಹೆಸರೂ ಬರೆದು ಹಾಕ್ತೀನಿ."

ನಾನು ಮಾಡಿದ ಯಾವ ಮುಖವಾಡಕ್ಕೂ ಇದುವರೆಗೆ ನನ್ನ ಹೆಸರಿಲ್ಲ.

"ನಾನು ಬೆಕ್ಕು ಮಾಡ್ತೀನಿ," ಎಂದಳು ತಂಗಿ.

"ಅದು ನನ್ನ ಬೆಕ್ಕು ಕಣೇ."

"ಇಬ್ಬರೂ ಮಾಡೋಣ ಬಿಡಕ್ಕ. ನಿನ್ನ ಕೈ ಮುಂದೆ ನಂದೇನು ಮಹಾ."

ಅವಳು ಹೊಗಳಿದರೆ ನನಗೆ ಇನ್ನಷ್ಟು ಮೈ ಉರಿಯುತ್ತದೆ.

ನಾನು ದಾರ ಹಿಡಿದು ಎರಡೂ ಕೆನ್ನೆ ಅಳೆದೆ. ಪೊರಕೆ ಕಡ್ಡಿಯ ಮೀಸೆ, ಒಂದೊಂದು ಕಡೆಗೆ ಆರಾರು. ಅವಳು ತನ್ನದನ್ನು ಹಸಿ ಆರುವ ಮೊದಲೇ ಅಚ್ಚಿನಿಂದ ಬಿಡಿಸಿ, ಅಂಟು ಕುದಿಸುವ ಒಲೆಯ ಪಕ್ಕ ಒರಗಿಸಿಟ್ಟು ಫೋನಿನಲ್ಲಿ ಹರಟಲು ಹೋದಳು. ಒಂದೇ ಕೆನ್ನೆಗೆ ಬಿಸಿ ತಾಗಿದರೆ ಮುಖ ಆ ಕಡೆಗೆ ಎಳೆದುಕೊಳ್ಳುತ್ತದೆ. ಹೊಸಬರಿಗೆ ನಾನು ಹೇಳಿಕೊಡುವ ಮೊದಲ ಪಾಠವೇ ಅದು. ನೋಡಿದೆ. ಬ್ರಷ್ ತೊಳೆಯಲು ಹೋದೆ. ಮೂರು ಬ್ರಷ್ಷಿಗೆ ಅರ್ಧ ಗಂಟೆ ಹಿಡಿಯಿತು.

ಬಂದು ನೋಡಿದರೆ ಬಾಯಿ ಎಡಕ್ಕೆ ಸೊಟ್ಟಗಾಗಿತ್ತು. ಥೇಟ್ ಅಮ್ಮ ಹೊಲಿದ ಬಾಯಿ. ನಗೋಣವೆಂದುಕೊಂಡವಳಿಗೆ ನಗು ಬರಲಿಲ್ಲ. ನನ್ನ ಬೆಕ್ಕಿನ ಬಾಯನ್ನು ನಾನೇ ನೆಟ್ಟಗೆ ಮಾಡಿಬಿಟ್ಟಿದ್ದೆ.

ಬಣ್ಣ ಹಚ್ಚಿದ ಮೇಲೆ ಮೇಡಂ ಎರಡನ್ನೂ ಎತ್ತಿ ನೋಡಿದರು. "ನಿಂದು ಅಚ್ಚುಕಟ್ಟು," ಎಂದು ನನ್ನದನ್ನು ಕೆಳಗಿಟ್ಟರು. ತಂಗಿಯದನ್ನು ಇಡಲೇ ಇಲ್ಲ. "ಇದು ಈಗಲೋ ಆಗಲೋ ಏನೋ ಹೇಳೋ ಹಾಗಿದೆ. ಇಂಥವು ಇನ್ನೂ ನಾಲ್ಕು ಬೇಕು. ಈ ಬಾಯಿ ಹೇಗೆ ಬಂತೇ?"

"ಗೊತ್ತಿಲ್ಲ ಮೇಡಂ. ತಾನಾಗೇ ಬಂತು."

ಗೊತ್ತಿದ್ದದ್ದು ನನಗೊಬ್ಬಳಿಗೆ. ಸುಮ್ಮನಿದ್ದರೆ ಅದು ಅವಳ ಕೈಚಳಕವೆಂದೇ ಉಳಿಯುತ್ತಿತ್ತು.

"ಒದ್ದೆ ಇರುವಾಗಲೇ ಒಲೆ ಪಕ್ಕ ಇಟ್ಟಿದ್ದಳು," ಎಂದೆ. "ಒಂದು ಕೆನ್ನೆ ಎಳ್ಕೊಂಡಿದೆ, ಅಷ್ಟೇ."

ತಂಗಿ ನನ್ನ ಕಡೆ ತಿರುಗಿದಳು. "ನೋಡಿದ್ಯಾ ನೀನು?"

ನಾನು ತೊಳೆದ ಬ್ರಷ್ಷನ್ನೇ ಮತ್ತೆ ಒರೆಸತೊಡಗಿದೆ.

"ಸರಿ, ಗುಟ್ಟು ಗೊತ್ತಿರೋಳು ನೀನೇ ಆ ನಾಲ್ಕು ಮಾಡಮ್ಮ," ಎಂದು ಮೇಡಂ ತಂಗಿಯ ಹೆಸರಿನ ಚೀಟಿ ಬರೆಯತೊಡಗಿದರು.

ನಾಲ್ಕನ್ನೂ ಒಲೆಯ ಪಕ್ಕ ಇಟ್ಟು ಕಾಯುತ್ತ ಕೂತೆ. ಒಂದೊಂದು ಒಂದೊಂದು ಕಡೆ ಸೊಟ್ಟಗಾಯಿತು. ಆ ಬಾಯಿ ಮಾತ್ರ ಬರಲಿಲ್ಲ.