ಎಡಗಾಲಿನ ಒಪ್ಪಿಗೆ

ರೌಂಡ್ಸ್ ಕಿಟಕಿ ಪಕ್ಕದ ಹಾಸಿಗೆಯ ಬಳಿ ಬಂದಾಗ ಪ್ರೊಫೆಸರ್ ಮೊಥಿಬಿ ಹಿಂದೆ ತಿರುಗಿ ಕೆಲೆಬೊನ್ಯೆಯನ್ನು ಹುಡುಕಿದರು. ಅವಳು ಎಂದಿನಂತೆ ಎಲ್ಲರಿಗಿಂತ ಹಿಂದೆ ನಿಂತಿದ್ದಳು.

"ಮುಂದೆ ಬಾ ಮಗು. ಇವತ್ತು ನೀನಿಲ್ದೆ ನಮ್ಮ ಕೆಲಸ ನಡೆಯಲ್ಲ."

ರಾಜಧಾನಿ ಗ್ಯಾಬರೋನಿನ ಆ ವೈದ್ಯಕೀಯ ಕಾಲೇಜಿಗೆ ಅಂದು ಜೋಹಾನ್ಸ್‌ಬರ್ಗಿನಿಂದ ಮೂವರು ಪರಿಶೀಲಕರು ಬಂದಿದ್ದರು. ದೂರದ ಮರಳುಸೀಮೆಯ ಬಸಾರ್ವ ಬುಡಕಟ್ಟಿನ ಮಕ್ಕಳಿಗೆ ಸೀಟು ಕಾಯ್ದಿರಿಸುವ ಯೋಜನೆಯನ್ನು ಮುಂದುವರಿಸಬೇಕೋ ಬೇಡವೋ ಎಂದು ಅವರು ಹೇಳಬೇಕಿತ್ತು. ಯೋಜನೆ ಮೊಥಿಬಿಯವರದು. ಅದರಲ್ಲಿ ಸೇರಿದ ಮೊದಲ ವಿದ್ಯಾರ್ಥಿನಿ ಕೆಲೆಬೊನ್ಯೆ, ಈಗ ನಾಲ್ಕನೇ ವರ್ಷ. ಅವಳ ತಂದೆಯನ್ನು ಒಪ್ಪಿಸಲು ಮೊಥಿಬಿ ತಾವೇ ಜೀಪು ಓಡಿಸಿಕೊಂಡು ಬೆರೆ ಎಂಬ ಅವಳ ಊರಿಗೆ ಹೋಗಿದ್ದರು. ಚಕ್ರ ಮರಳಿನಲ್ಲಿ ಹೂತಾಗ ಅವಳ ಚಿಕ್ಕಪ್ಪಂದಿರು ತಳ್ಳಿದ್ದರು. ಆ ಕತೆಯನ್ನು ಅವರು ಪ್ರತಿ ಸಮಾರಂಭದಲ್ಲೂ ಹೇಳುತ್ತಿದ್ದರು.

ಹಾಸಿಗೆಯಲ್ಲಿದ್ದ ಮುದುಕಿಯ ಹೆಸರು ಕೋಬಾ. ಘಾಂಜಿ ಕಡೆಯ ದನದ ಫಾರ್ಮಿನವಳು. ಸಕ್ಕರೆ ಕಾಯಿಲೆಯಿಂದ ಎಡಪಾದದ ಬೆರಳುಗಳು ಇದ್ದಿಲಿನಂತೆ ಕಪ್ಪಾಗಿದ್ದವು. ಬಂದಾಗಿನಿಂದ ಯಾರೊಂದಿಗೂ ಮಾತಾಡಿರಲಿಲ್ಲ. ಅವಳಿಗೆ ನಾಡಿನ ಮಾತಾದ ಸೆತ್ಸ್ವಾನ ಬಾರದು, ವಾರ್ಡಿನವರಿಗೆ ಅವಳ ಮಾತು ಬಾರದು.

"ಮೊಣಕಾಲಿನ ಕೆಳಗೆ ತೆಗೀಬೇಕು. ಇಲ್ಲಾಂದ್ರೆ ನಂಜು ಮೇಲೇರುತ್ತೆ," ಎಂದರು ಮೊಥಿಬಿ. ಮತ್ತೆ ಅತಿಥಿಗಳ ಕಡೆ ತಿರುಗಿ, "ಹಿಂದೆ ಆಗಿದ್ರೆ ಕೈಸನ್ನೆ ಮಾಡ್ಕೊಂಡು ನಿಂತಿರ್ತಿದ್ವಿ. ಈಗ ನಮ್ಮಲ್ಲಿ ಇವರವಳೇ ಒಬ್ಬಳು ಡಾಕ್ಟರ್ ಆಗ್ತಿದಾಳೆ. ಕೆಲೆಬೊನ್ಯೆ, ನಿಮ್ಮ ಮಾತಲ್ಲಿ ವಿವರಿಸಿ ಹೇಳು," ಎಂದರು.

ಕೆಲೆಬೊನ್ಯೆಯ ಮಾತು ಖೋಂ. ಕೋಬಾಳದು ನಾರೊ. ಎರಡರಲ್ಲೂ ನಾಲಿಗೆ ಚಿಟಿಕೆ ಹೊಡೆದಂಥ ಸದ್ದುಗಳಿವೆ. ಹೋಲಿಕೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ. ಮೊದಲ ವರ್ಷ ಅವಳು ಇದನ್ನು ತರಗತಿಯಲ್ಲಿ ಹೇಳಲು ಹೋದಾಗ ಹಿಂದಿನ ಬೆಂಚಿನಿಂದ ಯಾರೋ ನಾಲಿಗೆಯಲ್ಲಿ ಟಕಟಕ ಸದ್ದು ಮಾಡಿದ್ದರು. ಎಲ್ಲರೂ ನಕ್ಕಿದ್ದರು. ಆಮೇಲೆ ಅವಳು ಆ ಮಾತೆತ್ತಿರಲಿಲ್ಲ.

ಈಗಲೂ ಹೇಳಬಹುದಿತ್ತು. ಒಂದು ವಾಕ್ಯ ಸಾಕಿತ್ತು. ಆದರೆ ಮೊಥಿಬಿಯವರ ಮುಖದಲ್ಲಿ ಮಗಳ ಮದುವೆಯ ದಿನದ ತಂದೆಯ ಕಳೆಯಿತ್ತು. ಅವಳು ಹಾಸಿಗೆಯ ಮೇಲೆ ಬಾಗಿ ಖೋಂನಲ್ಲೇ, ನಿಧಾನವಾಗಿ, ಕಾಲು ಕೆಟ್ಟಿದೆ ಎಂದಳು. ಕೈಯಿಂದ ತೋರಿಸಿದರೆ ತಿಳಿದೀತು ಅನ್ನಿಸಿತು. ಆದರೆ ಮುದುಕಿಯ ಕಣಕಾಲಿನ ಮೇಲೆ ಅಂಗೈಯನ್ನು ಅಡ್ಡ ಎಳೆದು ತೋರಿಸಲು ಕೈ ಬರಲಿಲ್ಲ. ಬರೀ ಪಾದವನ್ನು ಮೆಲ್ಲಗೆ ಸವರಿದಳು.

ಕೋಬಾ ಅವಳ ಮುಖವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಏನೋ ಉದ್ದಕ್ಕೆ ಹೇಳಿದಳು.

"ಏನಂತಾರೆ?"

"ಒಪ್ಪಿದಾರೆ ಸರ್."

ಸಿಸ್ಟರ್ ಬಾಟ್ಲಾಂಗ್ ಮಸಿಯ ಪ್ಯಾಡ್ ತಂದರು. ಮುದುಕಿ ಇನ್ನೊಮ್ಮೆ ಕೆಲೆಬೊನ್ಯೆಯ ಕಡೆ ನೋಡಿ ಹೆಬ್ಬೆರಳು ಚಾಚಿದಳು. ಅತಿಥಿಗಳಲ್ಲಿ ಒಬ್ಬಾಕೆ ಕೆಲೆಬೊನ್ಯೆಯ ಭುಜ ತಟ್ಟಿದರು.

ಕ್ಯಾಂಟೀನಿನಲ್ಲಿ ಸಹಪಾಠಿ ಗೊರಾತಾ ಎರಡು ಚಹಾ, ಒಂದು ತಟ್ಟೆ ಮಗ್ವಿನ್ಯಾ ತಂದಿಟ್ಟಳು. ಬಿಸಿ ಹಿಟ್ಟಿನುಂಡೆಗಳಿಂದ ಎಣ್ಣೆ ಇಳಿಯುತ್ತಿತ್ತು.

"ಇವತ್ತಿನ ರಾಣಿ ನೀನೇ ಕಣೇ. ಫೋಟೋ ತೆಗೆಯೋವಾಗ ನನ್ನನ್ನೂ ಪಕ್ಕದಲ್ಲಿ ನಿಲ್ಲಿಸ್ಕೊ. ನಮ್ಮಜ್ಜಿನೂ ಯಾವ್ದೋ ಮೂಲೆಯವಳೇ, ಯಾರೂ ಸೀಟು ಕೊಡ್ಲಿಲ್ಲ ಅಷ್ಟೇ."

ಕೆಲೆಬೊನ್ಯೆ ನಗಲಿಲ್ಲ.

"ಆ ಅಜ್ಜಿ ಅಷ್ಟುದ್ದ ಏನೇ ಹೇಳಿದ್ದು? ನೀನು ಒಂದೇ ಮಾತಲ್ಲಿ ಮುಗಿಸ್ಬಿಟ್ಟೆ."

"ನಂಗೆ ಒಂದಕ್ಷರ ಅರ್ಥ ಆಗ್ಲಿಲ್ಲ."

"ಹೋಗೇ, ಆಟ ಆಡ್ಬೇಡ."

"ನಿಜ ಗೊರಾತಾ. ಅದು ನನ್ನ ಭಾಷೆ ಅಲ್ಲ."

"ಅಂದ್ರೆ? ನೀವೆಲ್ಲ ಒಂದೇ..." ಎಂದವಳು ಮಾತನ್ನು ಅಲ್ಲೇ ತಡೆದಳು. ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದಳು. ನಾಲ್ಕು ವರ್ಷ ಇಬ್ಬರೂ ಒಂದೇ ಕೋಣೆಯಲ್ಲಿದ್ದವರು.

"ಹೋಗಿ ಹೇಳ್ಬಿಡು," ಎಂದಳು ಕೊನೆಗೆ.

"ಆ ಪರಿಶೀಲಕರು ಇನ್ನೂ ಇಲ್ಲೇ ಇದಾರೆ. ಈಗ ಹೇಳಿದ್ರೆ ಯೋಜನೇನೇ ನಿಲ್ಲಿಸ್ಬಹುದು. ನಮ್ಮ ಕಡೆ ಹುಡುಗರು ಇಬ್ರು ಮುಂದಿನ ವರ್ಷಕ್ಕೆ ಓದ್ತಿದಾರೆ."

"ಹೇಳ್ದಿದ್ರೆ ಆ ಕಾಲು?"

ಕೆಲೆಬೊನ್ಯೆ ಎದ್ದಳು. ಆ ಇಬ್ಬರು ಹುಡುಗರ ನೆನಪು ತನಗೆ ಎಷ್ಟು ಅನುಕೂಲದ ಹೊತ್ತಿಗೆ ಬಂತು ಎಂಬುದು ಅವಳಿಗೆ ತಿಳಿದಿತ್ತು. ಹಾಸಿಗೆಯ ಬಳಿ ನಿಂತಾಗ ಅವರ ನೆನಪೇ ಆಗಿರಲಿಲ್ಲ.

ಸಭಾಕೋಣೆಯಲ್ಲಿ ಮೊಥಿಬಿ ಅತಿಥಿಗಳಿಗೆ ಜೀಪಿನ ಕತೆ ಹೇಳುತ್ತಿದ್ದರು. ಅವಳನ್ನು ಬಾಗಿಲಲ್ಲಿ ಕಂಡು ಅರಳಿದರು.

"ಬಾ, ಬಾ. ನಿನ್ನ ಚಿಕ್ಕಪ್ಪಂದಿರ ವಿಷಯಾನೇ ಹೇಳ್ತಿದ್ದೆ."

"ಸರ್, ಸ್ವಲ್ಪ ಹೊರಗೆ ಬರ್ತೀರಾ?"

"ಇಲ್ಲೇ ಹೇಳು. ಇವರೂ ಕೇಳಲಿ."

ಅವಳು ನೆಲಹಾಸಿನ ಅಂಚನ್ನು ನೋಡುತ್ತ ಹೇಳಿದಳು. "ಕೋಬಾ ಅಜ್ಜಿ ಒಪ್ಪಿಲ್ಲ ಸರ್. ಒಪ್ಪಿದ್ರೋ ಇಲ್ವೋ ನಂಗೆ ಗೊತ್ತಾಗ್ಲೇ ಇಲ್ಲ. ಅವರದು ನಾರೊ. ನಂಗೆ ನಾರೊ ಬರಲ್ಲ. ನಾನು ಸುಳ್ಳು ಹೇಳ್ದೆ. ಆಪರೇಷನ್ ನಿಲ್ಲಿಸ್ಬೇಕು."

ಯಾರದೋ ಚಮಚ ಬಟ್ಟಲಿಗೆ ತಾಗಿ ಸದ್ದಾಯಿತು. ಮೊಥಿಬಿಯವರ ಮುಖದಲ್ಲಿದ್ದ ನಗು ಹೋಗಲು ದಾರಿ ಸಿಗದಂತೆ ಸ್ವಲ್ಪ ಹೊತ್ತು ಅಲ್ಲೇ ಉಳಿದಿತ್ತು.

"ನಾಲ್ಕು ವರ್ಷದಲ್ಲಿ ಒಂದು ಸಲಾನೂ ಯಾಕೆ ಹೇಳ್ಲಿಲ್ಲ?"

ನೀವು ಕೇಳಲಿಲ್ಲ ಎಂಬ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅದು ಸುಳ್ಳೂ ಅಲ್ಲ. ಆದರೆ ಹೆಬ್ಬೆಟ್ಟು ಒತ್ತುವಾಗ ಮುದುಕಿ ನೋಡಿದ್ದು ಮೊಥಿಬಿಯವರನ್ನಲ್ಲ. ಮೊಥಿಬಿ ಥಿಯೇಟರಿಗೆ ಫೋನ್ ಮಾಡಿ ಆಪರೇಷನ್ ತಡೆದರು. ಅತಿಥಿಗಳ ಕಡೆ ನೋಡದೆಯೇ ವಾರ್ಡಿನತ್ತ ಹೊರಟರು, ಅವಳು ಹಿಂಬಾಲಿಸಿದಳು.

ಸಿಸ್ಟರ್ ಬಾಟ್ಲಾಂಗ್ ಘಾಂಜಿಯ ಆಸ್ಪತ್ರೆಗೆ ಕರೆ ಮಾಡಿ ನಾರೊ ಬಲ್ಲ ಆರೋಗ್ಯ ಸಹಾಯಕ ಥಾಮಾಯೆಯನ್ನು ಹಿಡಿದರು. ಫೋನನ್ನು ಕೋಬಾಳ ದಿಂಬಿನ ಮೇಲೆ, ಎಲ್ಲರಿಗೂ ಕೇಳುವಂತೆ ಇಟ್ಟರು. ಗಂಡಸಿನ ದನಿಯಲ್ಲಿ ತನ್ನ ಮಾತು ಕೇಳಿದ್ದೇ ಮುದುಕಿ ಮೊಣಕೈ ಊರಿ ಎದ್ದು ಕೂತಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಒಮ್ಮೆ ಥಾಮಾಯೆ ನಕ್ಕ. ಮರುಕ್ಷಣ ಅವನ ದನಿ ಇಳಿಯಿತು.

"ಸರ್, ಕಾಲು ತೊಳೆದು ಕಟ್ಟಿ ಊರಿಗೆ ಕಳಿಸ್ತಾರೆ ಅಂತ ಅಂದ್ಕೊಂಡಿದ್ರಂತೆ. ಕತ್ತರಿಸೋ ವಿಷಯ ಈಗ ನನ್ನಿಂದಲೇ ಗೊತ್ತಾಗಿದ್ದು."

"ಮತ್ತೆ ಹೆಬ್ಬೆಟ್ಟು ಯಾಕೆ ಒತ್ತಿದ್ರು?" ಎಂದರು ಮೊಥಿಬಿ.

ಥಾಮಾಯೆ ಕೇಳಿದ. ಕೋಬಾ ಕೆಲೆಬೊನ್ಯೆಯ ಕಡೆ ಗದ್ದ ತೋರಿಸಿ, ಗೊಣಗಿದಂತೆ ಹೇಳಿದಳು.

"ಆ ಹುಡುಗಿಗೆ ನನ್ನ ಮಾತು ತಿಳೀಲಿಲ್ಲ ಅಂತ ಗೊತ್ತಾಯ್ತು ಅಂತಾರೆ. ದೊಡ್ಡವರೆಲ್ಲ ಸುತ್ತ ನಿಂತಿದ್ರಲ್ಲ, ಹುಡುಗಿ ತುಟಿ ನಡುಗ್ತಿತ್ತಂತೆ. ನಾನು ಬೇಡ ಅಂದ್ರೆ ಆ ಮಗೂಗೆ ಬಯ್ತಾರೇನೋ ಅಂತ ಒತ್ತಿದೆ ಅಂತಾರೆ."

ಕೆಲೆಬೊನ್ಯೆ ಮಂಚದ ಕಂಬಿಯನ್ನು ಗಟ್ಟಿಯಾಗಿ ಹಿಡಿದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದಳು. ಕಾಲು ಕಳೆದುಕೊಳ್ಳಲಿದ್ದ ಮುದುಕಿ ತನ್ನಂಥವಳ ಮಾನ ಕಾಯಲು ಹೋಗಿದ್ದಳು ಎಂಬುದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಮೊಥಿಬಿ ಫೋನಿನತ್ತ ಬಾಗಿದರು. "ಥಾಮಾಯೆ, ತಪ್ಪು ಹುಡುಗಿಯದಲ್ಲ, ನನ್ನದು ಅಂತ ಅವರಿಗೆ ಹೇಳಿ."

"ಅದನ್ನ ಆಮೇಲೆ ಹೇಳ್ತೀನಿ ಸರ್. ಅವರು ಕಾಲಿನ ವಿಷಯ ಕೇಳ್ತಿದಾರೆ."

ಮೊಥಿಬಿ ಹಿಂದೆ ಸರಿದರು. "ಕೆಲೆಬೊನ್ಯೆ, ನೀನೇ ಹೇಳು. ಎಲ್ಲಾ ಹೇಳು."

ಅವಳು ಫೋನಿನ ಪಕ್ಕ ಮೊಣಕಾಲೂರಿದಳು. ಸೆತ್ಸ್ವಾನದಲ್ಲಿ ಒಂದೊಂದೇ ವಾಕ್ಯ ಹೇಳಿ, ಥಾಮಾಯೆ ಅದನ್ನು ದಾಟಿಸುವವರೆಗೂ ಕಾಯುತ್ತಿದ್ದಳು. ಪಾದಕ್ಕೆ ರಕ್ತ ಹೋಗುತ್ತಿಲ್ಲ. ಕಪ್ಪಾದದ್ದು ಮತ್ತೆ ಬದುಕುವುದಿಲ್ಲ. ತೆಗೆಯದಿದ್ದರೆ ಸಾಯಬಹುದು, ತೆಗೆದರೂ ಗಾಯ ಮಾಯುವುದು ಖಂಡಿತವಿಲ್ಲ. ಬೇಡ ಎನ್ನುವ ಹಕ್ಕು ನಿಮಗಿದೆ, ಬೇಡ ಎಂದರೆ ಇಲ್ಲಿ ಯಾರಿಗೂ ಬೈಗುಳವಿಲ್ಲ. ಈ ಸಲ ಕಣಕಾಲಿನ ಮೇಲೆ ಅಂಗೈ ಅಡ್ಡವಿಟ್ಟು ಜಾಗ ತೋರಿಸಿದಳು.

ಕೋಬಾ ಆ ಕೈಯನ್ನು ನೋಡಿದಳು, ದೂರ ತಳ್ಳಲಿಲ್ಲ. ಮಗಳು ಬರಲಿ, ಆಮೇಲೆ ಹೇಳುತ್ತೇನೆ ಎಂದಳು. ಮತ್ತೆ ಇನ್ನೊಂದು ಪ್ರಶ್ನೆ ಕೇಳಿದಳು.

"ತೆಗೆದ ಕಾಲನ್ನ ಏನು ಮಾಡ್ತೀರಿ ಅಂತಾರೆ," ಎಂದ ಥಾಮಾಯೆ. "ಊರಿಗೆ ಒಯ್ದು ಹೂಳೋಕೆ ಕೊಡ್ತೀರಾ ಅಂತ."

ಕೆಲೆಬೊನ್ಯೆ ಮೊಥಿಬಿಯವರ ಕಡೆ ನೋಡಿದಳು. ಮೊಥಿಬಿ ಸಿಸ್ಟರ್ ಕಡೆ ನೋಡಿದರು. ಸಿಸ್ಟರ್ ತಮಗೂ ಗೊತ್ತಿಲ್ಲ ಎಂಬಂತೆ ತಲೆಯಾಡಿಸಿದರು.

"ನನಗೆ ಗೊತ್ತಿಲ್ಲ ಅಂತ ಹೇಳಿ," ಎಂದಳು ಕೆಲೆಬೊನ್ಯೆ. "ಗೊತ್ತಿಲ್ಲ, ಕೇಳ್ಕೊಂಡು ಬರ್ತೀನಿ ಅಂತ. ಹಾಗೇ ಹೇಳಿ."