ಚೀಲದೊಳಗಿನ ಕೈ

ಬಸ್ ಕಂಡಕ್ಟರ್ ಕೆಲಸದ ಆ ತಾಯಿ ಬೆಳಗಿನ ಪಾಳಿ ಮುಗಿಸಿ, ಸಮವಸ್ತ್ರವನ್ನೂ ಬದಲಾಯಿಸದೆ ಮಗಳನ್ನು ಮಕ್ಕಳ ಥೆರಪಿಸ್ಟ್ ಬಳಿಗೆ ದರದರ ಎಳೆದುಕೊಂಡು ಬಂದಿದ್ದಳು. ಮಾತಿನಮಲ್ಲಿ ಎಂದು ಕರೆದು ಕರೆದು ಹುಡುಗಿಯ ಹೆಸರು ಮಲ್ಲಿ ಎಂದೇ ನಿಂತುಬಿಟ್ಟಿತ್ತು. ಪಾಠವನ್ನೆಲ್ಲ ಅರಳು ಹುರಿದಂತೆ ಒಪ್ಪಿಸುವ ಮಲ್ಲಿ ಪೆನ್ಸಿಲ್ ಹಿಡಿದರೆ ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು, ಹಾಳೆ ಹರಿಯುತ್ತಿತ್ತು. ಟೀಚರ್‌ಗೆ ಅದು ಶುದ್ಧ ಸೋಮಾರಿತನ. "ಪರೀಕ್ಷೇಲೂ ಹೀಗೇ ಗೀಚಿದ್ರೆ ಮತ್ತೆ ಇದೇ ಕ್ಲಾಸಲ್ಲಿ ಕೂರಿಸಬೇಕಾಗುತ್ತೆ. ಬೇಕಿದ್ರೆ ಥೆರಪಿಸ್ಟ್‌ಗೆ ತೋರಿಸಿ ನೋಡಿ" ಎಂದಿದ್ದರು.

"ಅಲ್ಲಿ ಏನು ಕೇಳಿದ್ರೂ ಗೊತ್ತಿಲ್ಲ ಅನ್ನಬೇಡ, ತಿಳೀತಾ?" ದಾರಿಯುದ್ದಕ್ಕೂ ತಾಯಿಯದು ಇದೇ ಪಾಠ.

ಥೆರಪಿಸ್ಟ್ ಮೇಜಿನ ಮೇಲೊಂದು ಬಟ್ಟೆಯ ಚೀಲ ಇಟ್ಟರು. "ಇದ್ರೊಳಗೆ ಒಂದೊಂದೇ ಸಾಮಾನು ಹಾಕ್ತೀನಿ ಪುಟ್ಟಾ. ನೋಡದೆ, ಕೈಯಲ್ಲಿ ಮುಟ್ಟಿ ಏನು ಅಂತ ಹೇಳು. ಅಮ್ಮ ಮಾತಾಡೋ ಹಾಗಿಲ್ಲ."

ತಾಯಿಯ ಕುರ್ಚಿ ಥೆರಪಿಸ್ಟ್ ಬೆನ್ನ ಹಿಂದಿತ್ತು. ಮಲ್ಲಿಗೆ ಕಾಣದ ಹಾಗೆ ಚೀಲದೊಳಗೆ ಹೋಗುತ್ತಿದ್ದುದೆಲ್ಲ ತಾಯಿಗೆ ಕಾಣುತ್ತಿತ್ತು. ಚಮಚವನ್ನು ಮಲ್ಲಿ ಗುರುತಿಸಿದಳು. ಅಂಗಿಯ ಗುಂಡಿಯನ್ನು ತಡಕಾಡಿ "ನಾಣ್ಯ" ಎಂದಳು. ಮುಂದಿನದು ಬೀಗದ ಕೈ. ಮಲ್ಲಿಯ ಹಣೆ ಬೆವರಿತು. ಚೀಲದೊಳಗೆ ಬೆರಳು ಗುರಿಯಿಲ್ಲದೆ ಹೊರಳಾಡಿತು. ತಡೆಯಲಾರದೆ ತಾಯಿ ಗಾಳಿಯಲ್ಲೇ ಬೀಗ ತಿರುಗಿಸಿ ತೋರಿಸಿದಳು.

"ಬೀಗದ ಕೈ!"

ಬಾಚಣಿಗೆಗೆ ತಾಯಿ ತಲೆ ಬಾಚಿಕೊಂಡಳು. ಪೊರಕೆಕಡ್ಡಿಯ ತುಂಡಿಗೆ ಮೆಲ್ಲಗೆ ಗುಡಿಸಿದಳು. ಎಲ್ಲವೂ ಸರಿ ಉತ್ತರ.

ಥೆರಪಿಸ್ಟ್ ಪೆನ್ನು ಮುಚ್ಚಿದರು. "ಕೈಗೆ ಚೆನ್ನಾಗೇ ತಿಳೀತಿದೆಯಲ್ಲ! ಹಾಗಾದ್ರೆ ಟೀಚರ್ ಹೇಳಿದ್ದೇ ಇರಬೇಕು. ಮನಸ್ಸಿಟ್ಟು ಬರೀತಿಲ್ಲ."

ಗೆದ್ದೆನೆಂದು ಬೀಗಬೇಕಿದ್ದ ತಾಯಿ ಕುರ್ಚಿಯ ಅಂಚಿಗೆ ಸರಿದಳು. ಮಗಳನ್ನು ಸೋಮಾರಿ ಎಂದು ಈಗ ಸಾಬೀತು ಮಾಡಿದವಳು ತಾನೇ. ಹೇಳಿಬಿಡಲೇ? ಮರ್ಯಾದೆ ಏನಾದೀತು? ಅವಳು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಮಲ್ಲಿಯ ಕಣ್ಣು ತುಂಬಿ ಬಂದಿತ್ತು.

"ಆಂಟಿ, ನನಗೆ ಗೊತ್ತಾಗ್ಲಿಲ್ಲ. ಅಮ್ಮ ತೋರಿಸಿಕೊಟ್ಟಳು."

ಬೈಗುಳ ಬೀಳುತ್ತದೆಂದು ಹುಡುಗಿ ಹೆಗಲು ಮುದುಡಿಕೊಂಡಳು.

"ಹೌದು ಮೇಡಂ. ಅವಳು ಹೇಳಿದ್ದೇ ನಿಜ" ಎಂದಳು ತಾಯಿ, ತಲೆ ತಗ್ಗಿಸಿ.

ಥೆರಪಿಸ್ಟ್ ಸಿಡಿಮಿಡಿಗೊಂಡರು. "ಏನಮ್ಮಾ ನೀವು! ಮಗೂಗೆ ಒಳ್ಳೇದು ಮಾಡ್ತಿದ್ದೀರೋ, ಕೆಟ್ಟದ್ದೋ? ಕುರ್ಚಿ ಗೋಡೆ ಕಡೆ ತಿರುಗಿಸ್ಕೊಳ್ಳಿ."

ತುಂಬಿದ ಬಸ್ಸನ್ನೇ ಗದರಿಸಿ ಹತೋಟಿಯಲ್ಲಿಡುವವಳು ಹೇಳಿದ ಹಾಗೇ ಗೋಡೆಗೆ ಮುಖ ಮಾಡಿ ಕುಳಿತಳು. ಈಗ ಅವಳ ಪಾಲಿಗೆ ಉಳಿದದ್ದು ಕಿವಿ ಮಾತ್ರ. ಹಿಂದೆ ಬಟ್ಟೆಯ ಮರೆಯಲ್ಲಿ ಥೆರಪಿಸ್ಟ್ ಮಲ್ಲಿಯ ಬೆರಳುಗಳನ್ನು ಮುಟ್ಟುತ್ತಿದ್ದರು.

"ಈಗ ಮುಟ್ಟಿದ್ದು ಯಾವ ಬೆರಳು?"

"ನಡುವಿಂದು... ಅಲ್ಲ, ಕಿರುಬೆರಳು." ಮತ್ತೆ ಬಟ್ಟೆಯ ಸರಬರ ಸದ್ದು. "ಗೊತ್ತಾಗ್ತಿಲ್ಲ ಆಂಟಿ."

"ಪರವಾಗಿಲ್ಲ. ಗೊತ್ತಾಗ್ತಿಲ್ಲ ಅನ್ನೋದೂ ಉತ್ತರಾನೇ."

ಎಲ್ಲ ಮುಗಿದ ಮೇಲೆ ಥೆರಪಿಸ್ಟ್ ತಾಯಿಗೆ ಇತ್ತ ತಿರುಗಲು ಹೇಳಿದರು. "ಇದು ಸೋಮಾರಿತನ ಅಲ್ಲಮ್ಮಾ. ಕಣ್ಣಲ್ಲಿ ನೋಡ್ದೆ ಇದ್ರೆ ಯಾವ ಬೆರಳು ಏನು ಮಾಡ್ತಿದೆ ಅಂತ ಇವಳಿಗೆ ಸರಿಯಾಗಿ ತಿಳಿಯಲ್ಲ. ಪೆನ್ಸಿಲ್ ಜಾರುತ್ತೆ ಅಂತ ಹಿಸುಕಿ ಹಿಡೀತಾಳೆ. ಕೈ ಸೋಲುತ್ತೆ, ಹಾಳೆ ಹರಿಯುತ್ತೆ."

ಹಿಸುಕಬೇಡವೆಂದು ಅದೇ ಬೆರಳುಗಳ ಮೇಲೆ ತಾನೇ ಸ್ಕೇಲಿನಿಂದ ಹೊಡೆದದ್ದು ತಾಯಿಗೆ ನೆನಪಾಯಿತು. "ಸರಿ ಹೋಗುತ್ತಾ ಮೇಡಂ?"

"ಸುಧಾರಿಸುತ್ತೆ. ಪೂರ್ತಿನಾ ಅಂತ ಈಗಲೇ ಹೇಳಲಾರೆ."

ಅಂದಿನಿಂದ ಮನೆಯಲ್ಲಿ ಕಾಪಿ ಬರೆಸುವುದು ನಿಂತಿತು. ಥೆರಪಿಸ್ಟ್ ಹೇಳಿಕೊಟ್ಟಂತೆ ಮಲ್ಲಿ ಜೇಡಿಮಣ್ಣು ಮಿದಿಯುತ್ತಿದ್ದಳು, ಮರಳಿನಲ್ಲಿ ಹುದುಗಿಸಿಟ್ಟ ಗೋಲಿಗಳನ್ನು ಕಣ್ಣು ಮುಚ್ಚಿ ಹೆಕ್ಕುತ್ತಿದ್ದಳು. ತಾಯಿ ಶಾಲೆಗೆ ಅಲೆದು ಅಲೆದು, ಟೀಚರ್ ಜೊತೆ ಜಗಳಕ್ಕೇ ಬಿದ್ದು, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೊಡಿಸಿದಳು.

ಮಲ್ಲಿ ಹಲ್ಲು ಕಚ್ಚಿ ಬರೆದಳು. ಸಾಲುಗಳು ಇನ್ನೂ ಸೊಟ್ಟ, ಕೊನೆಯ ಉತ್ತರ ಅರ್ಧಕ್ಕೇ ನಿಂತಿತ್ತು. ಆದರೆ ಹಾಳೆ ಎಲ್ಲೂ ಹರಿದಿರಲಿಲ್ಲ, ಬರೆದಷ್ಟನ್ನೂ ಟೀಚರ್ ಓದಿದರು. ಮಲ್ಲಿ ಮುಂದಿನ ತರಗತಿಗೆ ಹೋದಳು.