ಬಿಸಿಲಿಗಿಟ್ಟ ಪವರ್ ಬ್ಯಾಂಕ್

ಬಿಸಿಲಿಗೆ ಕಾದ ರೇಡಿಯೋ ಸೆಲ್ಲುಗಳಿಗೆ ಒಂದು ವಾಸನೆ ಇರುತ್ತದೆ. ತುಕ್ಕು, ಆರಿದ ರಟ್ಟು, ಮೂಗಿನ ತುದಿಗೆ ತಾಗುವಷ್ಟು ಹುಳಿ. ಟೇಪಕ್ಕನಿಗೆ ಅದು ಚಿಕ್ಕಂದಿನಿಂದಲೂ ಗೊತ್ತು. ಸೆಲ್ಲು ಸೋತು ರೇಡಿಯೋ ಗೊಣಗತೊಡಗಿದರೆ ಅಮ್ಮ ನಾಲ್ಕನ್ನೂ ತೆಗೆದು ಕಿಟಕಿಯ ಅಂಚಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. "ಒಂದಿಷ್ಟು ಬಿಸಿಲು ಕುಡೀಲಿ, ಜೀವ ಬರುತ್ತೆ." ಬರುತ್ತಲೂ ಇತ್ತು, ಸಂಜೆಯ ವಾರ್ತೆ ಮುಗಿಯುವಷ್ಟು.

ಐವತ್ತೆರಡನೆಯ ವಯಸ್ಸಿನಲ್ಲಿ, ಕರೆಂಟಿಲ್ಲದ ಬೆಟ್ಟದ ಮೇಲೆ, ಆ ನಂಬಿಕೆಯೇ ಆಕೆಗೆ ಕೈಕೊಟ್ಟಿತು.

ಮರಗಳ ಸುತ್ತಳತೆ ಬರೆದುಕೊಳ್ಳಲು ಬಂದು ಹೂಡಿದ್ದ ಬಿಡಾರದಲ್ಲಿ ಇದ್ದವರು ಮೂವರೇ. ಅಳತೆಯ ಟೇಪನ್ನು ಹೆಗಲಿನಿಂದ ಇಳಿಸದ ಟೇಪಕ್ಕ, ತಂಡದ ಹಿರಿಯರಾದ ಸಾಹೇಬರು, ಒಲೆ ನೋಡಿಕೊಳ್ಳುವ ಅಡುಗೆಯಣ್ಣ. ಅವರ ಪಾಲಿಗೆ ಇದ್ದದ್ದು ಮಡಚುವ ಸೋಲಾರ್ ಹಾಳೆ ಒಂದು, ಅದರಿಂದ ತುಂಬಿಸಿಕೊಳ್ಳುವ ಪವರ್ ಬ್ಯಾಂಕ್ ಒಂದು. ಮೊದಲು ಮರಗಳ ಜಾಗ ಗುರುತಿಸುವ ಜಿಪಿಎಸ್, ಆಮೇಲೆ ಸರದಿಯಂತೆ ಫೋನು. ಇದು ಸಾಹೇಬರ ಕಟ್ಟಪ್ಪಣೆ.

ಎರಡು ದಿನ ಮೋಡ ಕವಿದು ಮೂರು ಫೋನೂ ಸತ್ತುಬಿದ್ದಿದ್ದವು. ಟೇಪಕ್ಕನ ಫೋನು ಸಾಯುವ ಮುನ್ನ ಊರಿನಿಂದ ಆಕೆಯ ತಮ್ಮ ಇಷ್ಟು ಹೇಳಿದ್ದ: "ಅಮ್ಮನ್ನ ಐಸಿಯುಗೆ ಹಾಕಿದಾರೆ ಅಕ್ಕಾ. ನಾಳೆ ಐದು ಗಂಟೆಗೆ ನನ್ನ ಒಳಗೆ ಬಿಡ್ತಾರೆ. ಫೋನ್ ಮಾಡಿ ಕಿವಿಗೆ ಹಿಡೀತೀನಿ. ಏನೇ ಆಗ್ಲಿ, ಫೋನ್ ಆನ್ ಇಟ್ಟಿರು." ಕೆಳಗಿನಿಂದ ಜೀಪು ಬರುವುದಕ್ಕೆ ಇನ್ನೂ ಮೂರು ದಿನವಿತ್ತು.

ಮರುದಿನ ಬೆಳಿಗ್ಗೆ ಬಿಸಿಲು ಬಿತ್ತು. ಟೇಪಕ್ಕ ಹಾಳೆಯನ್ನು ಬಿಚ್ಚಿ ಪವರ್ ಬ್ಯಾಂಕನ್ನು ಸಿಕ್ಕಿಸಿ, ಬೇಗ ತುಂಬಲಿ ಎಂದು ಅದನ್ನೂ ಪಕ್ಕದಲ್ಲೇ ಬಿಸಿಲಿಗೆ ಮಲಗಿಸಿ ಕೆಲಸಕ್ಕೆ ಹೋದಳು.

ಮಧ್ಯಾಹ್ನ ಅಡುಗೆಯಣ್ಣ ಕೂಗಿದ. "ಟೇಪಕ್ಕಾ, ಬನ್ನಿ ಇಲ್ಲಿ! ಇದ್ಯಾಕೆ ಬಸುರಿ ಆಗಿದೆ?"

ಪವರ್ ಬ್ಯಾಂಕಿನ ಹೊಟ್ಟೆ ಉಬ್ಬಿತ್ತು. ಸಾಹೇಬರು ಅದನ್ನು ಬಟ್ಟೆಯಲ್ಲಿ ಹಿಡಿದು ದೂರದ ಮರಳು ಗುಂಡಿಗೆ ಹಾಕಿ ಬಂದರು. "ಇದು ಟಾರ್ಚ್ ಸೆಲ್ಲಲ್ಲಮ್ಮ. ಹಾಳೆಗೆ ಬಿಸಿಲು, ಇದಕ್ಕೆ ನೆರಳು. ಗೊತ್ತಿರ್ಲಿಲ್ವಾ?"

"ಜೀವ ಬರುತ್ತೆ ಅಂದ್ಕೊಂಡೆ," ಎಂದಳು ಟೇಪಕ್ಕ.

ಸಾಹೇಬರು ಹಾಳೆಯ ತಂತಿಯನ್ನು ಜಿಪಿಎಸ್‌ಗೆ ಸಿಕ್ಕಿಸಿದರು. ಅದು ತುಂಬುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಟೇಪಕ್ಕನ ಒಳಗೆ ಯಾರೋ ಬಾಗಿಲು ಹಾಕಿಕೊಂಡು ಕೂತಂತಿತ್ತು. ಊಟದ ತಟ್ಟೆಯನ್ನು ಆಚೆ ಸರಿಸಿ, ಸುತ್ತಿದ ಟೇಪನ್ನೇ ಬಿಚ್ಚಿ ಮತ್ತೆ ಸುತ್ತುತ್ತ ಕೂತಳು.

ಮುಸುರೆ ತಿಕ್ಕುತ್ತಿದ್ದ ಅಡುಗೆಯಣ್ಣ ತಡೆಯಲಾರದೆ ಅಂದ: "ಸಾಹೇಬ್ರೇ, ಅವರಮ್ಮ ಆಸ್ಪತ್ರೇಲಿದಾರೆ. ಐದು ಗಂಟೆಗೆ ಫೋನ್ ಬರುತ್ತಂತೆ. ನಿನ್ನೆ ಬಂಡೆ ಮೇಲೆ ಮಾತಾಡ್ತಿದ್ದಿದ್ದು ಕಿವಿಗೆ ಬಿತ್ತು."

ಸಾಹೇಬರು ಕನ್ನಡಕ ತೆಗೆದು ಆಕೆಯನ್ನು ನೋಡಿದರು. "ಬಾಯಿಗೇನು ಬೀಗ ಹಾಕಿದ್ರಾ? ಮೊದಲೇ ಹೇಳೋದಲ್ವಾ?"

"ನನ್ನಿಂದಾನೇ ಹಾಳಾಯ್ತಲ್ಲ ಸರ್. ಮತ್ತೆ ಕೆಲಸಾನೂ ಕೆಡಿಸೋದು..."

"ಈ ಬೆಟ್ಟ ಎಲ್ಲಿಗೂ ಓಡಿಹೋಗಲ್ಲ. ನಾಳೆ ಅಳೆದ್ರಾಯ್ತು." ಜಿಪಿಎಸ್‌ನ ತಂತಿಯನ್ನು ಅವರೇ ಕಿತ್ತರು.

ಸಿಗ್ನಲ್ ಸಿಗುವುದು ಮೇಲಿನ ಬಂಡೆಯ ಮೇಲೆ ಮಾತ್ರ. ಅಡುಗೆಯಣ್ಣ ಹಾಳೆ ಹೊತ್ತು ಹತ್ತಿದ. ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಅದರ ನೆರಳಿನಲ್ಲಿ ಫೋನು ಇಡಿಸಿ, ಸೂರ್ಯ ಜಾರಿದಂತೆಲ್ಲ ತಾನೂ ತಿರುಗುತ್ತ ನಿಂತ. ಮೋಡ ಅಡ್ಡ ಬಂದಾಗೆಲ್ಲ ಚಾರ್ಜು ನಿಲ್ಲುತ್ತಿತ್ತು. "ಸರಿಯೋ ಮಾರಾಯಾ, ನಿನಗೂ ತಾಯಿ ಇಲ್ವಾ?" ಎಂದು ಮೋಡವನ್ನು ಗದರಿದ. ತೋಳು ಸೋತರೂ ಹಾಳೆ ಇಳಿಸಲಿಲ್ಲ.

ಐದಕ್ಕೆ ನಾಲ್ಕು ನಿಮಿಷ ಇರುವಾಗ ಫೋನು ಬೆಳಗಿತು. ಮೂರು ಪರ್ಸೆಂಟ್. ಐದಾಯಿತು, ಐದೂ ಏಳಾಯಿತು. ಆಮೇಲೆ ಹೊಡೆದುಕೊಂಡಿತು.

"ಕಿವಿಗೆ ಹಿಡಿದಿದೀನಿ ಅಕ್ಕಾ. ಮಾತಾಡು."

"ಅಮ್ಮಾ, ನಾನು," ಎಂದಳು.

ಆಚೆಯಿಂದ ಉಸಿರಿನ ಸದ್ದು. ಆಮೇಲೆ, ತೀರ ಸಣ್ಣಗೆ ಅಮ್ಮನ ದನಿ: "ಊಟ ಆಯ್ತಾ?"

"ಆಯ್ತಮ್ಮ. ಹೊಟ್ಟೆ ತುಂಬ. ಈಗಷ್ಟೇ."

"ಹ್ಞೂಂ."

"ನಾಡಿದ್ದು ಬರ್ತೀನಮ್ಮ."

ಉತ್ತರ ತಮ್ಮನಿಂದ ಬಂತು. "ಕಣ್ಣು ಮುಚ್ಚಿದ್ರು ಅಕ್ಕಾ. ನಿದ್ದೆ ಇರ್ಬೇಕು. ನರ್ಸ್ ಹೊರಗೆ ಹೋಗಿ ಅಂತಿದಾರೆ..." ಅಷ್ಟರಲ್ಲಿ ಫೋನು ಕಪ್ಪಾಯಿತು.

ಟೇಪಕ್ಕ ಅಲ್ಲೇ ಕೂತಳು. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಅಡುಗೆಯಣ್ಣ ಹಾಳೆ ಮಡಚಿ, ತೋಳು ನೀವಿಕೊಳ್ಳುತ್ತ ಕೆಳಗಿಳಿದ.

ತುಸು ಹೊತ್ತಿಗೆ ಮತ್ತೆ ಹತ್ತಿ ಬಂದ. ಮಧ್ಯಾಹ್ನ ಆಕೆ ಮುಟ್ಟದೆ ಬಿಟ್ಟಿದ್ದ ಊಟವನ್ನು ಬಿಸಿ ಮಾಡಿ ತಂದಿದ್ದ. ತಟ್ಟೆಯನ್ನು ಆಕೆಯ ಕೈಗೆ ಕೊಟ್ಟು, ನೀರಿನ ಚೊಂಬನ್ನು ಪಕ್ಕದಲ್ಲಿಟ್ಟು, ಬೇರೆ ಕಡೆ ಮುಖ ಮಾಡಿ ಕೂತ.